ನಿಧಾನ ಓಡಿಸು

ಅಮೆರಿಕದ ಕಂಟ್ರಿ ಸಂಗೀತದ ಊರು ನ್ಯಾಶ್‌ವಿಲ್‌ಗೆ ಬಂದವರು ಮೊದಲು ಹೋಗುವುದು ಬಾರುಗಳ ಬೀದಿ ಬ್ರಾಡ್‌ವೇಗೆ. ಒಂದೊಂದು ಬಾರಿನಲ್ಲೂ ಒಂದೊಂದು ಬ್ಯಾಂಡ್, ಕಿವಿ ಗಡಚಿಕ್ಕುವ ಡ್ರಮ್ಸ್. ಕಂಟ್ರಿ ಹಾಡು ಅಂದರೆ ಇಷ್ಟೇ ಅಂದುಕೊಂಡು ವಾಪಸ್ ಹೋಗುವವರೇ ಜಾಸ್ತಿ. ನನ್ನ ಮನಸ್ಸಿಗೆ ಹತ್ತಿರವಾದ ಕಂಟ್ರಿ ಬೇರೆ. ಅದನ್ನು ಕೇಳಲು ಒಂದು ಶನಿವಾರ ಸಂಜೆ ಹಿಲ್ಸ್‌ಬರೋ ಪೈಕ್‌ನ ಬ್ಲೂಬರ್ಡ್ ಕೆಫೆಗೆ ಹೋದೆ.

1982ರಲ್ಲಿ ಶುರುವಾದ ಜಾಗ ಅದು. ಸಾಲಂಗಡಿಗಳ ನಡುವೆ ಒಂದು ಪುಟ್ಟ ಮಳಿಗೆ, ಒಳಗೆ ಸುಮಾರು 90 ಸೀಟು. ಹಾಡು ಬರೆದವರೇ ನಡುವೆ ಎದುರುಬದುರು ಕೂತು ಸರದಿ ಪ್ರಕಾರ ಹಾಡುತ್ತಾರೆ. ನಾವು ಸುತ್ತ ಕೂರಬೇಕು, ಮಾತಾಡುವ ಹಾಗಿಲ್ಲ. ತಂತಿಯ ಮೇಲೆ ಬೆರಳು ಸರಿದ ಸದ್ದೂ ನನಗೆ ಕೇಳುತ್ತಿತ್ತು.

ಆವತ್ತು ಹಾಡಿದ ಒಬ್ಬರಿಗೆ ಎಪ್ಪತ್ತು ದಾಟಿರಬೇಕು. ಕೈ ಉಜ್ಜಿ ಉಜ್ಜಿ ಅವರ ಗಿಟಾರಿನ ಒಂದು ಕಡೆ ಪಾಲಿಶ್ ಹೋಗಿ ಮರ ಕಾಣುತ್ತಿತ್ತು. ಹಾಡಿನ ಪಲ್ಲವಿ ಇಷ್ಟೇ: ನಿಧಾನ ಓಡಿಸು. ಮೊದಲ ಚರಣದಲ್ಲಿ ಹುಡುಗಿ ಹಾಗೆ ಹೇಳುತ್ತಾಳೆ. ಮನೆ ಹತ್ತಿರ ಬಂತು, ಅವನ ಪಕ್ಕ ಇನ್ನೊಂದಿಷ್ಟು ಹೊತ್ತು ಕೂರಬೇಕು ಅವಳಿಗೆ. ಎರಡನೆಯದರಲ್ಲಿ ಹಿಂದಿನ ಸೀಟಿನಲ್ಲಿ ಎರಡು ದಿನದ ಕೂಸು. ಮೂರನೆಯದರಲ್ಲಿ ಇಬ್ಬರಿಗೂ ತಲೆ ನರೆತಿದೆ, ಆಸ್ಪತ್ರೆಯಿಂದ ವಾಪಸ್ ಬರುತ್ತಿದ್ದಾರೆ. ಅದೇ ಸಾಲು, ಅದೇ ರಾಗ. ಹೀಗೆ ಪಲ್ಲವಿ ಬದಲಾಗದೆ ಅರ್ಥ ಮಾತ್ರ ಬೆಳೆಯುತ್ತಾ ಹೋಗುವುದು ಕಂಟ್ರಿ ಹಾಡು ಕಟ್ಟುವವರ ಹಳೆಯ ಕಸುಬು. ಆದರೆ ಕೊನೆಯ ಸಲ ಅವರು ದನಿ ಏರಿಸಲೇ ಇಲ್ಲ. ಗಿಟಾರ್ ನಿಲ್ಲಿಸಿ, ಪಕ್ಕದಲ್ಲಿ ಕೂತವಳಿಗೆ ಹೇಳಿದ ಹಾಗೆ ಹೇಳಿಬಿಟ್ಟರು. ನನ್ನ ಗಂಟಲು ಕಟ್ಟಿತು. ಪ್ರೀತಿ, ಪ್ರಾಣ, ಚಂದ್ರ, ತಾರೆ ಒಂದೂ ಇಲ್ಲದ ಹಾಡು. ಒಂದು ಕಾರು, ಒಂದು ರಸ್ತೆ. ಅಷ್ಟಕ್ಕೇ ಇಡೀ ಸಂಸಾರ ಕಣ್ಣ ಮುಂದೆ ಬಂತಲ್ವಾ!

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಡಾನ್ ವಿಲಿಯಮ್ಸ್ ದನಿ. ಡ್ರೈವರ್ ಕೀನ್ಯಾದವರು. ಟೆಕ್ಸಾಸ್‌ನ ಈ ಗಾಯಕನಿಗೆ ಆಫ್ರಿಕಾದಲ್ಲಿ ದೊಡ್ಡ ಅಭಿಮಾನಿ ಬಳಗವೇ ಇದೆ, 1997ರಲ್ಲಿ ಜಿಂಬಾಬ್ವೆಗೂ ಹೋಗಿ ಹಾಡಿದ್ದರು. 2017ರಲ್ಲಿ ತೀರಿಕೊಂಡರು. ಅಪ್ಪ ಪ್ರತಿ ಭಾನುವಾರ ಇವರ ಕ್ಯಾಸೆಟ್ ಹಾಕುತ್ತಿದ್ದರು, ಅಮ್ಮ ಅಡುಗೆ ಮನೆಯಿಂದಲೇ ದನಿಗೂಡಿಸುತ್ತಿದ್ದಳು ಅಂದರು ಡ್ರೈವರ್. ಹಾಡಿನ ಹಿಂದೆ ಪೆಡಲ್ ಸ್ಟೀಲ್ ಗಿಟಾರ್ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರುತ್ತಿತ್ತು, ನಮ್ಮ ಗೋಟುವಾದ್ಯದ ಹಾಗೆ. ನನಗೆ ಈ ಹಾಡುಗಳು ಪರದೇಶದವು ಅನ್ನಿಸದಿರುವುದಕ್ಕೆ ಆ ಜಾರೂ ಒಂದು ಕಾರಣ ಇರಬೇಕು.

ಮನೆಗೆ ಬಂದು ನನ್ನವಳಿಗೆ ಮೂರೂ ಚರಣದ ಕಥೆ ಹೇಳಿದೆ. ರಾಗ ಹೇಗಿತ್ತು, ಹಾಡಿ ತೋರಿಸಿ ಅಂದಳು. ಬಂದಷ್ಟು ಹಾಡಿದೆ. ಮೂರನೆಯ ಚರಣಕ್ಕೆ ಬರುವ ಹೊತ್ತಿಗೆ ಅವಳು ಫೋನಿನಲ್ಲಿ ಟಿಕೆಟ್ ಹುಡುಕುತ್ತಿದ್ದಳು. ಶನಿವಾರದ್ದೆಲ್ಲ ಖಾಲಿಯಾಗಿತ್ತು. ಸೋಮವಾರ ಹೊಸಬರು ಬಂದು ಹಾಡುತ್ತಾರೆ, ಆ ದಿನ ಆಫೀಸಿನಿಂದ ಬೇಗ ಹೊರಟು ಸಾಲಿನಲ್ಲಿ ನಿಲ್ಲೋಣ ಅಂತ ತೀರ್ಮಾನವಾಯಿತು.