ಡೆಸ್ಕಾಯಿಂಗ್ಸಿಗೆ ಕೊನೆಗೂ ನೆಟ್ಟಗಿನ ಎಲೆ ಬಂತು

ಡೆಸ್ಕಾಯಿಂಗ್ಸಿ ಅಂದರೆ ನನ್ನ ಕುಂಡದ ಪುಟಾಣಿ ಅಲೋ, ಲೋಳೆಸರದ ಕುಲದ್ದು. ಹೊಸ ಎಲೆ ಒಂದು ಸೆಂಟಿಮೀಟರೂ ಇಲ್ಲ. ಆದರೆ ಗಂಟಿಲ್ಲ, ಸೊಟ್ಟಗಿಲ್ಲ, ಬಿಳಿ ಚುಕ್ಕೆಗಳು ಇರಬೇಕಾದ ಕಡೆಯೇ ಇವೆ.  ಈ ಸಲದ ಕತೆ ಪೂರ್ತಿ ನುಸಿಯದು.

ಶುರುವಾಗಿದ್ದು ಒಂದು ಹೈಬ್ರಿಡ್ ಅಲೋದಿಂದ. ಆನ್‌ಲೈನ್ ಮಾರಾಟಗಾರರೊಬ್ಬರು ಥಾಯ್ಲೆಂಡ್‌ನಿಂದ ತರಿಸಿದ ಗಿಡ, ಬೆಲೆಯೂ ಅದಕ್ಕೆ ತಕ್ಕ ಹಾಗೆ. ಹೂವಿನ ಕಡ್ಡಿಯ ಬುಡದಲ್ಲಿ ಗುಲಾಬಿ ಅಂಚಿನ ಹಸಿರು ಗಂಟು, ಥೇಟ್ ಹೂಕೋಸು. ಫೋಟೊ ಕಳಿಸಿದರೆ, "ಮರಿ ಬರ್ತಿದೆ ಸರ್, ಲಕ್ಕು ನಿಮ್ದು" ಅಂದರು. ಆ ಲಕ್ಕು ಪಕ್ಕದ ಕುಂಡಗಳಿಗೂ ಹಬ್ಬಿತು.

ತೆಂಗು ಬೆಳೆಯುವವರಿಗೆ ನುಸಿಯ ಪರಿಚಯ ಬೇಕಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ತೋಟಗಳಿಗೂ ನುಗ್ಗಿತಲ್ಲ, ಅದು ಅಸೇರಿಯಾ ಗುರೆರೋನಿಸ್. ಅಲೋಗೆ ಬರುವುದು ಅದರ ದಾಯಾದಿ, ಅಸೇರಿಯಾ ಅಲೋಯಿನಿಸ್. ಬರಿಗಣ್ಣಿಗೆ ಕಾಣದು. ಕಾಲು ನಾಲ್ಕೇ, ರೆಕ್ಕೆ ಇಲ್ಲ, ಗಾಳಿಯಲ್ಲೇ ಸವಾರಿ. ಎಲೆ ಸಂದಿಯಲ್ಲಿ ಕೂತು ರಸ ಹೀರುತ್ತದೆ, ಅಲ್ಲಿನ ಬೆಳವಣಿಗೆ ಹದ ತಪ್ಪುತ್ತದೆ. ತಲೆ ಕೆಡಿಸುವುದು ಏನು ಗೊತ್ತಾ? ನುಸಿ ಸತ್ತರೂ ಗಂಟು ಕರಗುವುದಿಲ್ಲ. ಔಷಧಿ ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಹೊಸ ಎಲೆಗೇ ಕಾಯಬೇಕು. ಪುಟ್ಟ ಅಲೋಗಳು ಎಲೆ ಬಿಡುವುದೋ ಆಮೆ ವೇಗದಲ್ಲಿ!

ಗೊಬ್ಬರದಂಗಡಿಯಲ್ಲಿ ನುಸಿ ಅಂತ ಬಿಡಿಸಿ ಹೇಳಿದರೂ ಕೈಗಿಟ್ಟಿದ್ದು ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ. ಹಿಟ್ಟು ತಿಗಣೆಗಾದರೆ ಸರಿ. ನುಸಿ ಕೀಟವೇ ಅಲ್ಲ, ಜೇಡದ ಬಳಗ. ವಾಪಸ್ ಕೊಟ್ಟು, ನೀರಲ್ಲಿ ಬೆರೆಯುವ ಗಂಧಕ, ಶೇಕಡಾ 80ರದ್ದು ಕೇಳಿದೆ. ಅರ್ಧ ಕಿಲೋಗಿಂತ ಚಿಕ್ಕ ಪೊಟ್ಟಣ ಇಲ್ಲವಂತೆ. ಲೀಟರಿಗೆ 2 ಗ್ರಾಂ ಹಾಕುವವನಿಗೆ ಅರ್ಧ ಕಿಲೋ! ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತೆ.

ಒಳ್ಳೆಯ ತಿರುಳು ಕಾಣುವ ತನಕ ಗಂಟನ್ನು ಬ್ಲೇಡಿನಿಂದ ಕೆತ್ತಿದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಲೇಡಿಗೆ ಸ್ಪಿರಿಟ್. ಕೆತ್ತಿದ ಚೂರು ಕಾಂಪೋಸ್ಟಿಗಲ್ಲ, ಒಲೆಗೆ. ಗಾಯ ಒಣಗಿದ ಮೇಲೆ, ಸಂಜೆ ಹೊತ್ತು, ಎಲೆ ಸಂದಿಗೆ ಇಳಿಯುವ ಹಾಗೆ ಗಂಧಕ. ಸುಡು ಬಿಸಿಲಲ್ಲಿ ಹೊಡೆದರೆ ಎಲೆ ಸುಟ್ಟೀತು. ಬೇವಿನೆಣ್ಣೆ ಹೊಡೆದ ಗಿಡಕ್ಕೆ ಎರಡು ಮೂರು ವಾರ ಗಂಧಕ ಸೋಕಿಸಲೇಬೇಡಿ. ಆ ಹೈಬ್ರಿಡ್ ಮಾತ್ರ ಇಡಿಯಾಗಿ ಒಲೆ ಸೇರಿತು. ಒಲೆಗಿಂತ ನನ್ನ ಹೊಟ್ಟೆ ಜಾಸ್ತಿ ಉರಿಯಿತು.

ಅಂದ ಹಾಗೆ, ನನ್ನ ಇನ್ನೊಂದು ಪುಟ್ಟ ಅಲೋ, ಹಾವರ್ಥಿಯೋಯಿಡಿಸ್, ಹೂವಿನ ಕಡ್ಡಿ ಹಾಕಿದೆ. ಹೂ ಅರಳಿದರೆ ಒಳ್ಳೇ ಘಮ. ಅದರ ಪರಾಗ ಇಟ್ಟುಕೊಂಡು ಡೆಸ್ಕಾಯಿಂಗ್ಸಿಗೆ ಕೊಡುವ ಪ್ಲಾನು, ಎರಡೂ ಮಡಗಾಸ್ಕರಿನವೇ. ಹೆಚ್ಚಿನ ಅಲೋಗಳು ತಮ್ಮದೇ ಪರಾಗಕ್ಕೆ ಬೀಜ ಕಟ್ಟಲ್ಲ, ಹಾಗಾಗಿ ಹೂವಿನ ಗಂಡು ಭಾಗ ಕೀಳುವ ತಲೆನೋವಿಲ್ಲ. ಮಿಸರಿ ಜೇನು ಮುಟ್ಟದ ಹಾಗೆ ಕಡ್ಡಿಗೆ ನೆಟ್ ಚೀಲ ಕಟ್ಟಬೇಕು. ಪರಾಗದ ಡಬ್ಬಿಗೆ ಫ್ರಿಜ್ಜಲ್ಲಿ ಜಾಗ ಕೇಳಿದ್ದೇನೆ. ಮೊಸರಿನ ಪಕ್ಕ ಮಾತ್ರ ಬೇಡ ಅಂತ ಅಪ್ಪಣೆಯಾಗಿದೆ.