ತಲೆಕೆಳಗಾದ ಗುಡ್ಡ

ನಿನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ಮೊಬೈಲಿನಲ್ಲಿ ಹಳೇ ನಕ್ಷೆ ನೋಡುತ್ತಾ ಕೂತಿದ್ದೆ. 1675ರಲ್ಲಿ ಲಂಡನ್ನಿನಲ್ಲಿ ಜಾನ್ ಓಗಿಲ್ಬಿ ಅಚ್ಚು ಹಾಕಿಸಿದ ‘ಬ್ರಿಟಾನಿಯಾ’ ಅನ್ನೋ ನಕ್ಷೆ ಪುಸ್ತಕ. ನೂರು ನಕ್ಷೆ, ಬರೀ ದಾರಿಗಳದ್ದೇ. ಮೈಲಿಗೆ ಒಂದು ಇಂಚು. ಸುರುಳಿ ಬಿಚ್ಚಿದ ಹಾಗೆ ಉದ್ದುದ್ದ ಪಟ್ಟಿಗಳು, ಕೆಳಗಿನಿಂದ ಮೇಲಕ್ಕೆ ಓದಬೇಕು. ಏರು ಇದ್ದರೆ ಗುಡ್ಡ ನೆಟ್ಟಗೆ, ಇಳಿಜಾರಾದರೆ ಅದೇ ಗುಡ್ಡ ತಲೆಕೆಳಗೆ! ಎಷ್ಟು ಸಲೀಸು ಅಲ್ವಾ?

ಈ ಮನುಷ್ಯ ಮೊದಲು ಡ್ಯಾನ್ಸ್ ಮೇಷ್ಟ್ರು. 1666ರಲ್ಲಿ ಲಂಡನ್ನಿಗೆ ಬಿದ್ದ ದೊಡ್ಡ ಬೆಂಕಿಯಲ್ಲಿ ಅವರ ಬಳಿಯಿದ್ದ ಅಚ್ಚಾದ ಪುಸ್ತಕಗಳು ಬಹುಪಾಲು ಸುಟ್ಟುಹೋದವು. ಆಮೇಲೆ, ಎಪ್ಪತ್ತು ದಾಟಿದ ಮೇಲೆ, ಈ ಕೆಲಸ. ಮರುವರ್ಷವೇ ತೀರಿಕೊಂಡರು. ಪುಸ್ತಕವೋ, ಹೊತ್ತು ತಿರುಗೋಕಾಗದಷ್ಟು ದೊಡ್ಡದು. ಅದನ್ನು ಜೇಬಿಗೆ ಹಿಡಿಸುವಷ್ಟು ಚಿಕ್ಕದು ಮಾಡಿ 1719-20ರಲ್ಲಿ ಪೈಪೋಟಿ ಮೇಲೆ ಮಾರಿದ್ದು ಬೇರೆಯವರು. ನಾನಂತೂ ಆ ತಲೆಕೆಳಗಿನ ಗುಡ್ಡಗಳನ್ನು ನೋಡುತ್ತಲೇ ಎರಡು ಗಂಟೆ ಮಾಡಿದೆ.