ದೋಣಿಯ ಹಿಂಬದಿ ಹಲಗೆ ಬದಲಿಸಿದ್ದು

19 ಮೇ 2024, ಭಾನುವಾರ
ಗಂಗೊಳ್ಳಿ

ಇಂದು ಸಂಜೆ ನಾಲ್ಕು ಗಂಟೆಗೆ ನಮ್ಮ ಫೈಬರ್ ದೋಣಿಯ ಹಿಂಬದಿಗೆ ಕೊನೆಯ ಪದರದ ಮ್ಯಾಟ್ (ಗಾಜಿನ ನಾರಿನ ಹಾಸು) ಕೂರಿಸಿ ಮುಗಿಸಿದೆವು. ಎಂಜಿನ್ ಕಚ್ಚಿಕೊಂಡು ನಿಲ್ಲುವ ಆ ಹಲಗೆಯನ್ನು ಕಿತ್ತು ಹೊಸದು ಹಾಕುವುದಕ್ಕೆ ಒಟ್ಟು ಹದಿನೇಳು ದಿನ ಹಿಡಿಯಿತು. ಅದರಲ್ಲಿ ಕೈಯಾಡಿಸಿ ಕೆಲಸ ಮಾಡಿದ್ದು ಏಳು ದಿನ. ಉಳಿದ ಹತ್ತು ದಿನ ಒಣಗಲೆಂದು ಬಿಟ್ಟು ಕಾದದ್ದು. ಅಣ್ಣಯ್ಯನಿಗೆ ಆ ಹತ್ತು ದಿನಗಳೇ ಬಹಳ ಭಾರವಾದವು.

ಏಪ್ರಿಲ್ ಕೊನೆಯಲ್ಲಿಯೇ ಅವನು ಒಂದು ಮಾತು ಹೇಳಿದ್ದ. ಎಂಜಿನ್ನಿನ ವೇಗ ಏರಿಸಿದ ಕೂಡಲೇ ಅದರ ತಲೆ ಒಂದಿಷ್ಟು ಹಿಂದಕ್ಕೆ ವಾಲುತ್ತದೆ, ಇಳಿಸಿದರೆ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ ಎಂದು. ಹಿಡಿಕೆಯ ತಿರುಪು ಸಡಿಲವಾಗಿರಬೇಕೆಂದು ಮೂರು ಸಲ ಬಿಗಿ ಮಾಡಿದ. ಪ್ರತಿ ಸಲವೂ ತಿರುಪು ಇನ್ನೊಂದು ಸುತ್ತು ಒಳಗೆ ಹೋಯಿತು. ಗಟ್ಟಿ ಹಲಗೆಯಾಗಿದ್ದರೆ ಹಾಗೆ ಹೋಗುವಂತಿಲ್ಲ. ಫ್ಯಾನು ನೀರನ್ನು ಹಿಂದಕ್ಕೆ ತಳ್ಳುವಾಗ ಎಂಜಿನ್ನಿನ ಕೆಳಭಾಗ ದೋಣಿಯನ್ನು ಮುಂದಕ್ಕೆ ಒತ್ತುತ್ತದೆ, ಅದೇ ಹೊತ್ತಿಗೆ ಮೇಲಿನ ಹಿಡಿಕೆಯು ಹಲಗೆಯ ಮೇಲಂಚನ್ನು ಹಿಂದಕ್ಕೆ ಎಳೆಯುತ್ತದೆ. ಹೀಗೆ ದಿನಕ್ಕೆ ಸಾವಿರ ಸಲ ಎಳೆಸಿಕೊಳ್ಳುವ ಜಾಗ ಅದು. ಎಂಜಿನ್ನಿನ ಭಾರವನ್ನು ಹೊತ್ತರೆ ಅಷ್ಟಕ್ಕೇ ಅದರ ಕೆಲಸ ಮುಗಿಯುವುದಿಲ್ಲ.

ಮೇ 3ರಂದು ಫೈಬರ್ ಕೆಲಸ ಬಲ್ಲ ನಮ್ಮ ಮಾವನನ್ನು ಕರೆಸಿದೆವು. ಅವರು ಮೊದಲು ಒಂದು ಚಿಕ್ಕ ಸುತ್ತಿಗೆ ತೆಗೆದುಕೊಂಡು ಬದಿಯ ಗೋಡೆಯಿಂದ ಶುರು ಮಾಡಿ ಗೇಣಿಗೊಂದರಂತೆ ತಟ್ಟುತ್ತ ಬಂದರು. ಬದಿಯಲ್ಲಿ ಟಣ್ ಎಂಬ ಶಬ್ದ ಬಂತು, ಹಿಂಬದಿಯ ಮೂಲೆಯಲ್ಲೂ ಬಂತು, ಎಂಜಿನ್ ಕೂರುವ ನಡುಭಾಗಕ್ಕೆ ಬಂದಾಗ ಮಾತ್ರ ಹಸಿ ಮಣ್ಣಿಗೆ ಹೊಡೆದಂತೆ ದಪ್ ಎಂದಿತು. ಎಂಜಿನ್ ಇಳಿಸಿ ಕೆಳಗಿನ ಬೋಲ್ಟು ಬಿಚ್ಚಿದಾಗ ತೂತಿನಿಂದ ಚಹಾದ ಬಣ್ಣದ ನೀರು ಒಂದು ಲೋಟದಷ್ಟು ಇಳಿಯಿತು. ಮಾವ ಬೆರಳು ಹಾಕಿ ಒಳಗಿನಿಂದ ಒಂದು ಚೂರು ತೆಗೆದು ಹಿಂಡಿ ತೋರಿಸಿದರು. "ಇದ್ ಹಲ್ಗಿ ಅಲ್ಲ ಮಾರಾಯ, ಚಂಡಿ ಬಟ್ಟಿ" ಎಂದರು, ಅಂದರೆ ಒದ್ದೆ ಬಟ್ಟೆ.

ಹೊರಗಿನಿಂದ ನೋಡಿದರೆ ಒಂದು ಬಿರುಕೂ ಇರಲಿಲ್ಲ. ಹೋದ ವರ್ಷ ಬಳಿದ ನೀಲಿ ಬಣ್ಣ ಹಾಗೆಯೇ ಹೊಳೆಯುತ್ತಿತ್ತು. ಫೈಬರ್ ದೋಣಿ ಕೊಳೆಯುವುದಿಲ್ಲ ಎಂದು ನಾವೆಲ್ಲ ನಂಬಿದ್ದೇವೆ. ಫೈಬರ್ ಕೊಳೆಯುವುದಿಲ್ಲ ಎಂಬುದು ನಿಜವೇ, ಆದರೆ ಹಿಂಬದಿಯಲ್ಲಿ ಎರಡು ಫೈಬರ್ ಪದರಗಳ ನಡುವೆ ಇರುವುದು ಪ್ಲೈವುಡ್. ಬೋಲ್ಟಿಗೆಂದು ಕೊರೆದ ತೂತಿನ ಒಳಗೋಡೆಯಲ್ಲಿ ಆ ಮರ ಬೆತ್ತಲೆಯಾಗಿರುತ್ತದೆ. ನಮ್ಮ ದೋಣಿಯಲ್ಲಿ ನಾಲ್ಕು ಬೋಲ್ಟಿನ ತೂತುಗಳು, ನೀರು ಬಿಡುವ ಬಿರಡೆಯದೊಂದು, ಹೀಗೆ ಐದು ಬಾಯಿಗಳು. ಅವುಗಳಲ್ಲಿ ಒಂದಕ್ಕೂ ರೆಸಿನ್, ಅಂದರೆ ಫೈಬರ್ ಕೆಲಸದ ಗಟ್ಟಿಯಾಗುವ ಅಂಟುದ್ರವ, ಸವರಿರಲಿಲ್ಲ. ಆರು ವರ್ಷದ ಹಿಂದೆ ಇದನ್ನು ರಿಪೇರಿ ಮಾಡಿಕೊಟ್ಟವರು ಒಳಗೆ ಹಾಕಿದ್ದು ಮನೆಯ ಕಪಾಟಿಗೆ ಬಳಸುವ ಮಾಮೂಲಿ ಪ್ಲೈವುಡ್ ಎಂಬುದು ಬಿಚ್ಚಿದ ಮೇಲೆ ಗೊತ್ತಾಯಿತು. ಅದರ ಪದರಗಳು ಪುಸ್ತಕದ ಹಾಳೆಗಳಂತೆ ಒಂದೊಂದಾಗಿ ಕೈಗೆ ಬಂದವು. ಈ ದೋಣಿಯಲ್ಲಿ ನಾಲ್ಕು ಜನ ಹೊಳೆ ಕಡಲಿಗೆ ಸೇರುವ ಅಳಿವೆಯನ್ನು ದಾಟುತ್ತಾರೆಂಬುದು ಗೊತ್ತಿದ್ದೂ ಹಾಗೆ ಮಾಡಿದ್ದನ್ನು ನನಗೆ ಇನ್ನೂ ಕ್ಷಮಿಸಲಾಗಿಲ್ಲ.

ಕೆಲವರು ಹೊರಗಿನಿಂದ ಒಂದು ಸ್ಟೀಲ್ ತಗಡು ಕೂರಿಸಿ ಬಿಗಿದರೆ ಈ ಮಳೆಗಾಲ ಕಳೆಯಬಹುದು ಎಂದರು. ಅಣ್ಣಯ್ಯನಿಗೂ ಆ ಆಸೆ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಕಡಲಿಗಿಳಿಯುವಂತಿಲ್ಲ. ನಮ್ಮದು 9.9 ಅಶ್ವಶಕ್ತಿಯ ಎಂಜಿನ್, ಆದ್ದರಿಂದ ಆ ನಿಷೇಧ ನಮಗಿಲ್ಲ. ಒಂದು ತೂಫಾನು ಎದ್ದು ಕಡಲು ಕಲಕಿ ಇಳಿದ ಮೇಲೆ ಚಟ್ಲಿ (ಸಿಗಡಿ) ಸಿಗುವ ಆ ಕೆಲವೇ ವಾರಗಳ ದುಡಿಮೆಯ ಮೇಲೆ ಮನೆಯ ಅರ್ಧ ವರ್ಷ ನಿಂತಿದೆ. ಆದರೆ ಅದೇ ವಾರಗಳಲ್ಲಿ ಐದು ಹೊಳೆಗಳ ನೀರು ಒಟ್ಟಾಗಿ ನುಗ್ಗುವ ಗಂಗೊಳ್ಳಿಯ ಅಳಿವೆಬಾಗಿಲಲ್ಲಿ ತೆರೆ ಒಡೆಯುತ್ತಿರುತ್ತದೆ. ಅಲ್ಲಿ ಎಂಜಿನ್ ಕಳಚಿ ಬಿದ್ದರೆ ದೋಣಿ ತೆರೆಗೆ ಅಡ್ಡವಾಗುತ್ತದೆ. ಅಡ್ಡವಾದ ದೋಣಿ ಮಗುಚುವುದಕ್ಕೆ ಒಂದು ತೆರೆ ಸಾಕು. ಕೊಳೆತ ಮರದ ಮೇಲೆ ತಗಡು ಬಿಗಿದರೆ ಬೋಲ್ಟಿಗೆ ಹಿಡಿತ ಎಲ್ಲಿಂದ ಬರಬೇಕು? ಮಾವ ತಗಡಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಹೊರಗಿನ ಪದರವನ್ನು ಮುಟ್ಟದೆ, ಒಳಗಿನಿಂದ ಮಾತ್ರ ಕತ್ತರಿಸುವುದೆಂದು ನಿಶ್ಚಯಿಸಿದೆವು. ಹಾಗೆ ಮಾಡಿದರೆ ದೋಣಿಯ ಆಕಾರ ಕೆಡುವುದಿಲ್ಲ, ಹೊಸ ಹಲಗೆಗೆ ಹೊರಪದರವೇ ಅಚ್ಚಾಗುತ್ತದೆ. ಗ್ರೈಂಡರಿನಲ್ಲಿ ಸುತ್ತಲೂ ಗೀರಿ ಒಳಪದರ ತೆಗೆದು, ಉಳಿಯಿಂದ ಕೊಳೆತದ್ದನ್ನೆಲ್ಲ ಕೆರೆದು ಹಾಕುವುದಕ್ಕೆ ಎರಡು ದಿನ ಬೇಕಾಯಿತು. ಮೂಲೆಗಳಲ್ಲಿ ಮರ ಇನ್ನೂ ಗಟ್ಟಿಯಾಗಿತ್ತು. ಅದನ್ನು ಉಳಿಸೋಣವೇ ಎಂದು ಕೇಳಿದೆ. ಗಟ್ಟಿಯಾಗಿ ಕಂಡರೂ ಅದು ಒದ್ದೆಯೇ, ಅದರ ಒದ್ದೆ ಹೊಸದಕ್ಕೆ ದಾಟುತ್ತದೆ ಎಂದು ಮಾವ ಅದನ್ನೂ ಕಿತ್ತರು.

ಆಮೇಲೆ ಕಾಯುವ ಕೆಲಸ. ಒಳಮೈಯನ್ನು ಎರಡು ದಿನ ಬಾವಿಯ ಸಿಹಿನೀರಿನಿಂದ ತೊಳೆದೆವು, ಏಕೆಂದರೆ ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಹಗಲು ಬಿಸಿಲಿಗೆ ತೆರೆದಿಡುವುದು, ಸಂಜೆ ಮೋಡ ಕಂಡರೆ ಟಾರ್ಪಾಲು ಹೊದಿಸುವುದು. ಒಣಗಿದೆಯೋ ಇಲ್ಲವೋ ತಿಳಿಯುವುದಕ್ಕೆ ಮಾವ ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು: ಒಂದು ಚದರಡಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಅಂಟಿಸಿ ರಾತ್ರಿ ಬಿಟ್ಟರೆ, ಒಳಗೆ ತೇವವಿದ್ದಲ್ಲಿ ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಹನಿ ಕಟ್ಟಿರುತ್ತದೆ. ಒಂಬತ್ತನೆಯ ತಾರೀಖು ಹಾಳೆ ಪೂರ್ತಿ ಮಂಜಾಗಿತ್ತು. ಹನ್ನೆರಡಕ್ಕೆ ಕೆಳಗಿನ ಮೂಲೆಯಲ್ಲಿ ಸಾಸಿವೆಯಷ್ಟು ಹನಿಗಳು. ಹದಿನಾಲ್ಕರ ಬೆಳಿಗ್ಗೆ ಒಣ ಹಾಳೆ.

ಹೊಸದಕ್ಕೆ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆಯ 18 ಮಿಲಿಮೀಟರ್ ಮರೈನ್ ಪ್ಲೈವುಡ್ ತಂದೆವು. ಒಂದೇ ಹಾಳೆಯಿಂದ ಎರಡು ತುಂಡು ಕತ್ತರಿಸಿ, ನಡುವೆ ರೆಸಿನ್‌ನಲ್ಲಿ ನೆನೆಸಿದ ಮ್ಯಾಟ್ ಇಟ್ಟು ಜೋಡಿಸಿದಾಗ ಸುಮಾರು 37 ಮಿಲಿಮೀಟರ್ ದಪ್ಪವಾಯಿತು. ಎರಡೂ ಮುಖಕ್ಕೆ, ಅದಕ್ಕಿಂತ ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೆ, ತೆಳ್ಳಗಿನ ರೆಸಿನನ್ನು ಹೀರುವಷ್ಟು ಕುಡಿಸಿದೆವು. ನೀರು ಒಳಹೋಗುವುದು ಅಂಚಿನಿಂದಲೇ. ರೆಸಿನ್‌ಗೆ ಗಟ್ಟಿಯಾಗುವ ವೇಗ ಹೆಚ್ಚಿಸುವ ಕೋಬಾಲ್ಟ್ ದ್ರವವನ್ನು ಮೊದಲು ಚೆನ್ನಾಗಿ ಕಲಸಿದ ಮೇಲೆಯೇ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಹಾಕಬೇಕು. ಕೋಬಾಲ್ಟನ್ನೂ ಹಾರ್ಡ್ನರನ್ನೂ ನೇರವಾಗಿ ಬೆರೆಸಿದರೆ ಸಿಡಿದು ಬೆಂಕಿ ಹತ್ತುವ ಅಪಾಯವಿದೆ. ಆದ್ದರಿಂದ ಎರಡು ಬಾಟಲಿಗಳನ್ನೂ ಮಾವ ಒಂದೇ ಚೀಲದಲ್ಲಿ ಇಡುವುದಿಲ್ಲ. ಈ ಸೆಖೆಗೆ ಒಂದು ಕಿಲೋ ರೆಸಿನ್‌ಗೆ ಹತ್ತು ಮಿಲಿಲೀಟರ್ ಹಾರ್ಡ್ನರ್ ಸಾಕಾಯಿತು.

ಹದಿನಾರರಂದು ಹಲಗೆ ಕೂರಿಸಿದೆವು. ಹೊರಪದರದ ಒಳಮೈಗೆ ದಪ್ಪಗೆ ಪುಟ್ಟಿ (ಪುಡಿ ಬೆರೆಸಿ ಮಂದ ಮಾಡಿದ ರೆಸಿನ್) ಮೆತ್ತಿ, ಹಲಗೆ ಒತ್ತಿ, ಹಳೆಯ ನಾಲ್ಕು ತೂತುಗಳಲ್ಲೇ ಮೇಣ ಸವರಿದ ಬೋಲ್ಟು ತೂರಿಸಿ ಸರದಿಯಂತೆ ಒಂದೊಂದು ಸುತ್ತು ಬಿಗಿದೆವು. ಅಂಚಿನ ಸುತ್ತಲೂ ಪುಟ್ಟಿ ಹೊರಗೆ ಉಕ್ಕಬೇಕು. ಎಡ ಕೆಳಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಉಕ್ಕಲಿಲ್ಲ. ಒಳಗೆ ಗಾಳಿ ಉಳಿದಿದೆ ಎಂದರ್ಥ. ಪುಟ್ಟಿ ಗಟ್ಟಿಯಾಗುವುದಕ್ಕೆ ಹೆಚ್ಚೆಂದರೆ ಇನ್ನು ಹತ್ತು ನಿಮಿಷವಿತ್ತು. ಅಣ್ಣಯ್ಯ ಏನೂ ಮಾತನಾಡದೆ ನಾಲ್ಕೂ ಬೋಲ್ಟು ಬಿಚ್ಚಿದ, ಹಲಗೆ ಎಳೆದು ಆ ಮೂಲೆಗೆ ಇನ್ನೊಂದು ಹಿಡಿ ಮೆತ್ತಿ ಮತ್ತೆ ಕೂರಿಸಿದೆವು. ಆಗ ಸುತ್ತಲೂ ಒಂದೇ ಸಮ ಉಕ್ಕಿತು.

ಮ್ಯಾಟ್ ಚೌಕ ಮೂಲೆಗೆ ಬಗ್ಗುವುದಿಲ್ಲವಾದ್ದರಿಂದ ಹಲಗೆ ಬದಿಗೋಡೆಗೆ ಸೇರುವಲ್ಲೆಲ್ಲ ಪುಟ್ಟಿಯಿಂದ ದುಂಡಗೆ ಮಾಡಿದೆವು. ನಾಲ್ಕು ಮಿಲಿಮೀಟರ್ ದಪ್ಪದ ಹಳೆಯ ಪದರವನ್ನು ಐದು ಸೆಂಟಿಮೀಟರ್ ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಹೊಸ ಮ್ಯಾಟ್ ಆ ಇಳಿಜಾರಿನ ಮೇಲೆ ಹತ್ತುವಂತೆ, ಮೇಲಿನ ಪದರ ಕೆಳಗಿನದಕ್ಕಿಂತ ಅಗಲವಾಗಿ ಹಾಕುತ್ತ ಬಂದೆವು. ಒಂದು ದಿನಕ್ಕೆ ಎರಡೇ ಪದರ. ಅವಸರಪಟ್ಟು ಒಟ್ಟಿಗೆ ಹಾಕಿದರೆ ರೆಸಿನ್ ಕಾದು ಬಿರಿಯುತ್ತದೆ.

ಇನ್ನು ಉಳಿದಿರುವುದು ತೂತುಗಳು. 12 ಮಿಲಿಮೀಟರ್ ಬೋಲ್ಟಿಗೆ ಮೊದಲು 20 ಮಿಲಿಮೀಟರ್ ಕೊರೆದು, ಅದನ್ನು ಪೂರ್ತಿ ಪುಟ್ಟಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 12ರ ತೂತು ಕೊರೆಯಬೇಕು. ಆಗ ಬೋಲ್ಟಿನ ಸುತ್ತ ಮರ ಎಲ್ಲಿಯೂ ಬಾಯಿ ತೆರೆದಿರುವುದಿಲ್ಲ. ಬಿರಡೆಯ ತೂತಿಗೂ ಹಾಗೆಯೇ ಮಾಡಬೇಕೆಂದು ಅಣ್ಣಯ್ಯ ತಾನಾಗಿಯೇ ಹೇಳಿದ.

ನಾಳೆ ಬೆಳಿಗ್ಗೆ ಏಳಕ್ಕೆ ಮಾವ ಬರುತ್ತಾರೆ. ಮೋಡವಿದೆ, ಟಾರ್ಪಾಲು ಹೊದಿಸಿ ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಬಂದಿದ್ದೇನೆ.